ಮೂರನೇ ಸರ್ತಿಗೆ ಮೊದಲು

ಹುಡುಗ ಕೇಳಿದ: ಏನಿತ್ತು ಅಂಥಾದ್ದು ಆ ದನಿಯಲ್ಲಿ?
ಅವರಪ್ಪನ ಟ್ರಂಕಿನಲ್ಲಿ ಸಿಕ್ಕ ಕ್ಯಾಸೆಟ್ಟು ಹಿಡಿದು ಬಂದಿದ್ದ.
ನಾನು ಮಂಡ್ಯದ ನೂರಡಿ ರಸ್ತೆಯ ಅಂಗಡಿಯಲ್ಲಿ
ಸುಟ್ಟ ಆಂಪ್ಲಿಫೈಯರಿನ ಹೊಟ್ಟೆ ಬಗೆದುಕೊಂಡು ಕೂತಿದ್ದೆ.
ಬಾಯಲ್ಲಿ ನಾಲ್ಕು ಸ್ಕ್ರೂ.
ಹಾಗಾಗಿ ಇದಿಷ್ಟೂ ಮನಸ್ಸಲ್ಲೇ ಹೇಳಿದ್ದು:

ಇಂಪಲ್ಲ ಕಣಪ್ಪ, ಮೊದಲು ಅದನ್ನು ಬರೆದುಕೋ.
ಹೊಂಬಾಳಮ್ಮ ಅಂತ ಅಜ್ಜಿಯ ಹೆಸರು ಇಟ್ಟಿದ್ದರು,
ಹೊನ್ನೂ ಇರಲಿಲ್ಲ ಆ ಗಂಟಲಲ್ಲಿ, ಬಾಳೆಯ ನುಣುಪೂ ಇರಲಿಲ್ಲ.
ಶಾಲೆಯ ಪ್ರಾರ್ಥನೆಗೆ ಹಿಂದಿನ ಸಾಲಿಗೆ ತಳ್ಳಿದ್ದರು ಮೇಷ್ಟ್ರು,
ನೀನು ಬರೀ ತುಟಿ ಆಡಿಸಮ್ಮ ಅಂತ.
ಕೆಳಗೆ ಹಾಡಿದರೆ ಅಚ್ಚುಬೆಲ್ಲ,
ಒರಟು, ಹಲ್ಲಿಗೆ ಸಿಗುವ ಒಂದೆರಡು ಮರಳಿನ ಕಣ.
ಮೇಲೆ ಹತ್ತಿದರೆ
ರಬ್ಬರು ಸವೆದ ಬ್ರೇಕು ಸೈಕಲ್ಲಿನ ರಿಮ್ಮಿಗೆ ತಾಗಿದ ಹಾಗೆ.
ನಮಗೆ ಬೇಕಾಗಿದ್ದದ್ದೂ ಅದೇ.

ಬ್ಯಾಂಡಿನ ಹೆಸರು ಮೊಲಾಸಿಸ್.
ಟೈರು ರೀಟ್ರೆಡಿಂಗ್ ಅಂಗಡಿಯ ಮಹಡಿ ಮೇಲೆ ಅಭ್ಯಾಸ.
ಡ್ರಮ್ಮಿಗೆ ಪೆಟ್ರೋಲ್ ಬಂಕಿನ ಇನಾಯತ್,
ಬೇಸ್ ಗಿಟಾರು ಎಲ್‌ಐಸಿ ಏಜೆಂಟರ ಮಗ ಪದ್ಮನಾಭನದು,
ನಾಲ್ಕು ತಂತಿಯಲ್ಲಿ ಮೂರೇ ಇದ್ದವು.
ಸಕ್ಕರೆ ಫ್ಯಾಕ್ಟರಿ ಬಾಯಿಬಿಟ್ಟರೆ ಊರಿಗೆಲ್ಲ ಹುಳಿ ವಾಸನೆ,
ಮಿಕ್ಕವರು ಮೂಗು ಮುಚ್ಚುವಾಗ ಅವಳು
ಅದನ್ನೇ ಎದೆತುಂಬ ಎಳೆದುಕೊಂಡು ಪಲ್ಲವಿ ಎತ್ತುವಳು.

ಹೊಟ್ಟೆಯಿಂದ ಹಾಡು, ಎದೆಯಿಂದ ಹಾಡು, ಪುಸ್ತಕದಲ್ಲಿ ಇರುತ್ತೆ.
ಅವಳು ಕಲಿತದ್ದು ಬೆಲ್ಲದ ಮಂಡಿಯಲ್ಲಿ.
ಅಪ್ಪ ಬೋರಲಿಂಗಯ್ಯ ಹರಾಜು ಕೂಗುವವರು:
ಒಂದನೇ ಸರ್ತಿ.
ಎರಡನೇ ಸರ್ತಿ.
ಆಮೇಲೆ ಸುಮ್ಮನಾಗುವರು.

ಆ ಬಿಡುವಿನಲ್ಲಿ
ದಲ್ಲಾಳಿಯ ಕೈ ಜೇಬಿನವರೆಗೆ ಹೋಗಿ ವಾಪಸು ಬರುವುದು,
ತಕ್ಕಡಿಯ ಮುಳ್ಳು ನಡುಗುವುದು,
ನೊಣ ಕೂಡ ಅಚ್ಚಿನ ಮೇಲೆ ರೆಕ್ಕೆ ಮಡಚಿ ಕಾಯುವುದು.
ಮೂಟೆಯ ಮೇಲೆ ಕೂತ ಎಂಟು ವರ್ಷದ ಹುಡುಗಿ
ಎಷ್ಟು ತಡೆದರೆ ಬೆಲೆ ಏರುತ್ತೆ, ಎಷ್ಟು ತಡೆದರೆ ವ್ಯಾಪಾರ ಮುರಿಯುತ್ತೆ,
ಬೆರಳಲ್ಲಿ ಎಣಿಸಿಟ್ಟುಕೊಂಡಿದ್ದಳು.

ಮೈಸೂರು, ಗಂಗೋತ್ರಿಯ ಬಯಲು ರಂಗಮಂದಿರ. ಡಿಸೆಂಬರ್ ಚಳಿ.
ಮಿಕ್ಸರ್ ಮುಂದೆ ನಾನು.
ಮೂರನೇ ಹಾಡಿಗೆ ಇನಾಯತನ ಕೋಲು ಮುರಿಯಿತು, ತಾಳ ನಿಂತಿತು,
ಮೇಲಿನ ಸ್ವರಕ್ಕೆ ಹೊರಟವಳು ನಡುದಾರಿಯಲ್ಲಿ ಒಬ್ಬಳೇ.
ಹಿಂದಕ್ಕೆ ತಿರುಗಿ ನೋಡಲಿಲ್ಲ.
ನಿಂತಳು.
ಮೈಕಿನಲ್ಲಿ ಒಂದು ಉಸಿರು,
ಒದ್ದೆ ಹಗ್ಗ ರಾಟೆಯ ಮೇಲೆ ಹೊರಳಿದಂಥದ್ದು.
ಮೀಟರಿನ ಮುಳ್ಳು ಅಲ್ಲಾಡಿತೋ ಇಲ್ಲವೋ,
ಮೆಟ್ಟಿಲ ಮೇಲಿನ ಜನವೆಲ್ಲ
ಜೇಬಿಗೆ ಕೈಹಾಕಿದ ದಲ್ಲಾಳಿಗಳಾಗಿ ಕೂತರು.
ಆಮೇಲೆ ಬಂತು ಸ್ವರ. ಒಡೆದೇ ಬಂತು.
ಯಾವ ಸ್ವರ ಅಂದರೆ ಇವತ್ತಿಗೂ ಹೇಳಲಾರೆ.
ಆ ಉಸಿರನ್ನು ಬೇಕಾದರೆ ಬರೆದು ಕೊಡುತ್ತೇನೆ.

ಅಷ್ಟರಲ್ಲಿ ಹುಡುಗ ಲ್ಯಾಪ್‌ಟಾಪ್ ಬಿಚ್ಚಿ
ಕ್ಯಾಸೆಟ್ಟಿನದನ್ನೆಲ್ಲ ಅದಕ್ಕೆ ಇಳಿಸಿಕೊಂಡಿದ್ದ.
ಕ್ಲೀನ್ ಮಾಡ್ತೀನಿ ಅಂಕಲ್, ತುಂಬಾ ನಾಯ್ಸ್ ಇದೆ.
ಒಂದು ಗುಂಡಿ ಒತ್ತಿದ.
ಟೇಪಿನ ಸರಸರ ಹೋಯಿತು,
ಮುಂದಿನ ಸಾಲಲ್ಲಿ ಕೆಮ್ಮಿದವನು ಹೋದ,
ಉಸಿರು ಹೋಯಿತು, ಒಡಕು ಬೆಸೆಯಿತು.
ಕೇಳಿಸಿದ:
ಯಾರೋ ಚೆನ್ನಾಗಿ ಹಾಡುತ್ತಿದ್ದರು.

ಬಾಯಿಂದ ಸ್ಕ್ರೂಗಳನ್ನು ತೆಗೆದು ಅಂಗೈಗೆ ಹಾಕಿಕೊಂಡೆ.
ಮೊದಲಿದ್ದ ಹಾಗೇ ಮಾಡಪ್ಪ, ಅಂದೆ.

ಈಗೆಲ್ಲಿದ್ದಾರೆ ಅವರು?
ಇಲ್ಲೇ, ಎರಡು ಕಿಲೋಮೀಟರು. ಅಪ್ಪನ ಕೆಲಸವೇ.
ಬೆಳಿಗ್ಗೆ ಹತ್ತಕ್ಕೆ ಮಂಡಿಗೆ ಹೋಗು,
ಹಾಡಿನ ಮಾತು ಮಾತ್ರ ಎತ್ತಬೇಡ, ಬೈತಾಳೆ.
ಮೂಟೆಗಳ ಸಂದಿಯಲ್ಲಿ ನಿಂತುಕೊಂಡು
ಎರಡನೇ ಸರ್ತಿ ಅನ್ನುವವರೆಗೆ ಕಾದು,
ಆಮೇಲೆ ನಿನ್ನ ಉಸಿರು ಎಲ್ಲಿ ನಿಲ್ಲುತ್ತೆ ನೋಡಿಕೋ.